ಪಿ ಆರ್ ಎನ್ ಡಿ

ಮಾರ್ಗನ್ಸ್ ಗೇಟಿನಿಂದ ನನ್ನ ಶೆಡ್ಡಿನ ತನಕ
ಎಮಿಲ್ಡಾ ಬಾಯಿಯ ಝೆನ್ನನ್ನು ನಾಲ್ಕು ಜನ ನೂಕಿಕೊಂಡು ಬಂದರು.
ಒಬ್ಬ ತನ್ನ ಮೀನಿನ ಚೀಲವನ್ನು ಡಿಕ್ಕಿಯ ಮೇಲೇ ಇಟ್ಟಿದ್ದ.

"ನಿಂತಲ್ಲಿ ಚೆಂದ ಓಡ್ತದೆ ಮಾರಾಯಾ," ಅಂದರು ಬಾಯಿ,
"ಗೇರಿಗೆ ಹಾಕಿದ ಕೂಡಲೇ ಸಾಯ್ತದೆ."

ಈ ಕಾಯಿಲೆ ನನಗೆ ಹೊಸತಲ್ಲ.

ಅವರ ಎಡಗಾಲಿಗೆ ಪೋಲಿಯೋ, ಅದಕ್ಕೇ ಕ್ಲಚ್ಚಿಲ್ಲದ ಗಾಡಿ.
ಲಿವರಿನ ಬುಡದಲ್ಲಿ ಸವೆದ ಇಂಗ್ಲಿಷ್ ಅಕ್ಷರಗಳು.
ಪಿಯಲ್ಲಿಟ್ಟರೆ ಬಂಗುಡೆ ತಿಂದ ಬೆಕ್ಕಿನ ಹಾಗೆ ಗುರುಗುಡುತ್ತದೆ.
ಡಿಗೆ ತಂದರೆ
ಒಮ್ಮೆ ಮೈ ಕೊಡವಿ, ಬಿಕ್ಕಿ,
ಸುಮ್ಮನೆ.

ನನ್ನದು ತಿರುಗಾಮುರುಗಾ.
ಡ ಸಲೀಸು, ರ ಸಲೀಸು,
ಪ ಬಂದರೆ ತುಟಿ ಎರಡೂ ಅಂಟಿಕೊಳ್ಳುತ್ತವೆ,
ಒಳಗೆ ಇಂಜಿನ್ನು ಓಡುತ್ತಲೇ ಇರುತ್ತದೆ.
ಪೆಟ್ರೋಲಿಗೆ ಎಣ್ಣೆ ಅನ್ನುತ್ತೇನೆ.
ಪಾನ ಬೇಕಾದರೆ "ಹದಿನಾಲ್ಕು" ಅಂದರೆ ಸಾಕು, ಇಜಾಝ್ ತಂದುಕೊಡುತ್ತಾನೆ.
ಹೆಂಡತಿಯ ಹೆಸರು ಪ್ರಫುಲ್ಲಾ.
ಹತ್ತೊಂಬತ್ತು ವರ್ಷದಿಂದ ಅವಳು "ಹೋಯ್".

ಮೊದಲ ದಿನ ಗೇರೆಣ್ಣೆಯ ಕಡ್ಡಿ ಎಳೆದು ಮೂಸಿದೆ:
ಕೆಂಪಗೇ ಇತ್ತು, ಸುಟ್ಟ ವಾಸನೆ ಇಲ್ಲ.
ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಪ್ಲಗ್ಗು ಉಜ್ಜಿದೆ.
ಮರುದಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಐಡ್ಲಿಂಗ್ ಏರಿಸಿದೆ.
ಡಿಗೆ ಹಾಕಿದ್ದೇ ಗಾಡಿ ಮುಗ್ಗರಿಸಿ ಹಾರಿತು,
ಇಜಾಝ್ ಆಯಿಲ್ ಡ್ರಮ್ಮಿನ ಹಿಂದೆ.
ಅದು ಗುಣವಾದದ್ದಲ್ಲ,
ಬೆತ್ತ ತೋರಿಸಿ ಮಾತಾಡಿಸಿದ ಹಾಗೆ.
ನಮ್ಮ ಶಾಲೆಯಲ್ಲಿ ಹಾಗೆ ಮಾತಾಡಿಸುವವರಿದ್ದರು.
ಸ್ಕ್ರೂವನ್ನು ಇದ್ದಲ್ಲಿಗೇ ವಾಪಸು ತಿರುಗಿಸಿದೆ.

ಬಾಯಿ ದಿನಾ ಸಂಜೆ ಬಂದು ಹಳೇ ಟಯರಿನ ಮೇಲೆ ಕೂರುತ್ತಿದ್ದರು.
ಯಾವಾಗ ಆಗ್ತದೆ ಅಂತ ಒಮ್ಮೆಯೂ ಕೇಳಲಿಲ್ಲ.
ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಫೋನ್ ಇಟ್ಟು ಕೂತವರು.
ಮೂರನೆಯ ಸಂಜೆ ತಲೆ ಓರೆ ಮಾಡಿ,
"ಎಲ್ಲೋ ಸಣ್ಣಕೆ ಸುಯ್ ಅಂತದಲ್ಲ ದೂಮಣ್ಣ, ಕೇಳ್ತದಾ?
ಟ್ರಂಕ್ ಲೈನಿಗೆ ನೀರು ಹೊಕ್ಕಿದ ಹಾಗೆ."

ನನಗೆ ಕೇಳಿದ್ದು ಫ್ಯಾನಿನ ಗದ್ದಲ ಮಾತ್ರ.
ಮೊಳದುದ್ದದ ರಬ್ಬರ್ ತುಂಡಿನ ಒಂದು ತುದಿ ಕಿವಿಗಿಟ್ಟು
ಇನ್ನೊಂದರಿಂದ ಇಂಜಿನ್ನಿನ ಎದೆ, ಪಕ್ಕೆ ತಡವಿದೆ.
ಸಿಕ್ಕಿತು: ಕಾರ್ಬೊರೇಟರಿನ ಹಿಂದೆ
ಕಿರುಬೆರಳಿಗಿಂತ ಸಪೂರದ ಪೈಪು.
ಸಮುದ್ರದ ಗಾಳಿಗೆ ಕಲ್ಲಾಗಿ, ಬಾಗಿದಲ್ಲಿ ಬಿರಿದು
ಕಳ್ಳಗಾಳಿ ಕುಡಿಯುತ್ತಾ ಇತ್ತು.
ಸುಮ್ಮನೆ ನಿಂತಾಗ ಹೇಗೋ ಸುಧಾರಿಸುತ್ತದೆ,
ಭಾರ ಬಿದ್ದರೆ ಎಣ್ಣೆಗೂ ಗಾಳಿಗೂ ಲೆಕ್ಕ ತಪ್ಪುತ್ತದೆ.

"ಎಂತ, ಸಿಕ್ಕಿತಾ?"

ಸಿಕ್ಕಿತು. ಒಡೆದದ್ದು ಪ
ಒಡೆದದ್ದು ಪ

ಇಜಾಝ್ ಬಾಯಿ ತೆರೆದ. ಬಾಯಿ ಅವನತ್ತ ಬೆರಳೆತ್ತಿದರು.
ಮತ್ತೆ ಕಾದರು,
ರಿಂಗಾಗಬೇಕಾದ ಊರು ದೂರದ್ದು ಎಂಬ ಹಾಗೆ.

ಬರಲಿಲ್ಲ.
ಆ ಎತ್ತಿದ ಬೆರಳನ್ನೇ ಹಿಡಿದು
(ಕೇಳಲಿಲ್ಲ, ಕೈಯಲ್ಲಿ ಗ್ರೀಸಿತ್ತು)
ಬಿರುಕಿನ ಮೇಲೆ ಒತ್ತಿದೆ.

"ಅಯ್ಯ, ಎಳೀತದೆ!"
ಎಳೆಯಿತು, ಕರು ಚೀಪುವ ಹಾಗೆ.
ನಡುಗುತ್ತಿದ್ದ ಇಂಜಿನ್ನು ಸಮವಾಯಿತು.
ತೆಗೆದರೆ ನಡುಕ, ಇಟ್ಟರೆ ಸಮ.
ತೆಗೆದರು, ಇಟ್ಟರು, ಆರೇಳು ಸಲ,
ತೂತಿಗೆ ಪಿನ್ನು ಚುಚ್ಚಿ ಕುಂದಾಪುರವನ್ನು ಬೊಂಬಾಯಿಗೆ
ಜೋಡಿಸಿದ ಬೆರಳು.

ಹೊಸದಕ್ಕೆ ನಲವತ್ತು ರೂಪಾಯಿ, ಕ್ಲಿಪ್ಪು ಎರಡು, ಕೂಲಿ ಮುನ್ನೂರು.
ಮೊದಲೆರಡು ದಿನದ್ದು ನನ್ನ ತಪ್ಪು, ಹಾಕಲಿಲ್ಲ.
ಬಿಲ್ಲಿನಲ್ಲಿ ಪೈಪು ಎಂದು ಸರಾಗ ಬರೆದೆ.
ಕೈಗೆ ಉಗ್ಗಿಲ್ಲ.

ಡಿಗೆ ತಂದರು. ಗಾಡಿ ಒಮ್ಮೆ ತಗ್ಗಿತು,
ಮೂವರೂ ಉಸಿರು ಹಿಡಿದೆವು,
ಎತ್ತಿಕೊಂಡಿತು.
ನಂದಿಗುಡ್ಡೆಯ ಕಡೆ ಬಲದ ಇಂಡಿಕೇಟರ್ ಹಾಕಿ
ಎಡಕ್ಕೆ ತಿರುಗಿ ಹೋದರು.

ರಾತ್ರಿ ಮನೆಯ ಮೆಟ್ಟಿಲಲ್ಲಿ ಚಪ್ಪಲಿ ಬಿಡುತ್ತಾ
ತುಟಿ ಎರಡೂ ಸೇರಿಸಿ ಒಮ್ಮೆ ನೋಡಿದೆ.
ತುಂಬ ಹೊತ್ತು ನಿಂತಿದ್ದಿರಬೇಕು.
"ಯಾರು?" ಅಂದಳು ಒಳಗಿಂದ.

"ಹೋಯ್. ನಾನು."