ಒನ್ನಿಗೆ, ಎಂಟು ವಾರಗಳ ಮಟ್ಟಿಗೆ

ಕೀಲಿ ಕೊಟ್ಟಿಗೆಯ ಮೊಳೆಗೆ ತೂಗಿದೆ, ಒನ್ನಿ.
ನಾಡಿದ್ದು ಕುವೊಪಿಯೊ ಆಸ್ಪತ್ರೆಯಲ್ಲಿ
ನನ್ನ ಎಡಸೊಂಟಕ್ಕೆ ಉಕ್ಕಿನ ಗುಂಡು ಕೂರಿಸುತ್ತಾರೆ.
ಮೂವತ್ತು ವರ್ಷ ಲಾಂಚುಗಳಿಗೆ ಬೇರಿಂಗ್ ಬದಲಿಸಿದವನಿಗೆ
ಈಗ ತನ್ನದೇ ಸರದಿ.
ಅಲ್ಲಿಯತನಕ ಈ ಅಂಗಳ ನಿನ್ನದು.
‘ಕಾಳು ಹಾಕಿದರೆ ಸಾಕಲ್ಲ?’ ಅಂದೆ ನೀನು.
ಸಾಲದು.

ಸಿಪ್ಪೆ ಸುಲಿಯದ ಸೂರ್ಯಕಾಂತಿ ಬೀಜ ನೀಲಿ ಡ್ರಮ್ಮಿನಲ್ಲಿದೆ.
ಬೆಳಕು ಹರಿಯುವ ಮೊದಲೇ ಹಾಕು.
ಡಿಸೆಂಬರಿನ ಹಗಲು ಇಲ್ಲಿ
ಒಂದು ಲೋಟ ಕಾಫಿ ಆರುವಷ್ಟೇ ಉದ್ದ.
ರಾತ್ರಿಯಿಡೀ ನಡುಗಿ, ಮೈಯ ಕೊಬ್ಬನ್ನೆಲ್ಲ ಉರಿಸಿಕೊಂಡ ಚೇಕಡಿ,
ಎರಡು ನಾಣ್ಯದಷ್ಟು ತೂಗುವ ಜೀವ,
ನೀನು ಮಗ್ಗುಲು ಬದಲಿಸುವ ಹೊತ್ತಿಗೆ
ಕೊಂಬೆಯ ಮೇಲೆ ಕಾದಿರುತ್ತದೆ.
ಬೈಯುವುದಿಲ್ಲ. ಅದೇ ಕಷ್ಟ.

ಉಪ್ಪು ಸವರಿದ ಕಡಲೆಕಾಯಿ ಬೇಡ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ,
ಸರೋವರವೇ ಕಲ್ಲಾಗಿ ಕೂತ ಊರಿನಲ್ಲಿ
ಎಲ್ಲಿಗೆ ಹೋಗಿ ಕುಡಿಯುತ್ತವೆ ಅವು?
ಬಾಣಲೆಯ ಜಿಡ್ಡೂ ಬೇಡ,
ಬೂಸಲು ಹಿಡಿದ ಬ್ರೆಡ್ಡಂತೂ ಬೇಡವೇ ಬೇಡ.
ನಿಮ್ಮಜ್ಜಿ ಹಿಲ್ಕಾ ಬೇಲಿಯಾಚೆಯಿಂದ ಎಸೆಯುತ್ತಾಳೆ,
ಅವಳು ಒಳಗೆ ಹೋದ ಮೇಲೆ ಎತ್ತಿ ಹಾಕು.

ಇನ್ನು ಶನಿವಾರ.
ಇದನ್ನು ಎರಡು ಸಲ ಓದು.
ಕಾಳಿನ ಕೊಳವೆಗಳನ್ನೆಲ್ಲ ಇಳಿಸಿ, ಬಿಚ್ಚಿ,
ಸೌನಾದ ಕುದಿನೀರಿನಲ್ಲಿ ತಿಕ್ಕಿ,
ಪೂರಾ ಒಣಗಿದ ಮೇಲೆಯೇ ತುಂಬು. ಕೈಗವಸು ಹಾಕಿಕೋ.
ಬಿದ್ದ ಸಿಪ್ಪೆ, ಹಿಕ್ಕೆ, ಒಂದೂ ಬಿಡದೆ ಗುಡಿಸು.
ಯಾಕೆ ಅಂತ ಕೇಳುತ್ತೀಯ.
ಒಂದು ಆಗಸ್ಟಿನಲ್ಲಿ ನಾನು ಗುಡಿಸಲಿಲ್ಲ.
ಬಂದವು ಹಸಿರು ಫಿಂಚುಗಳು, ಮೈ ಉಬ್ಬಿಸಿಕೊಂಡು,
ಕಾಳು ಬಾಯಿಗಿಟ್ಟು, ನುಂಗಲಾಗದೆ ಉಗುಳಿ,
ಮತ್ತೆ ಇಟ್ಟು.
ಹತ್ತಿರ ಹೋದರೂ ಹಾರಲಿಲ್ಲ.
ನನ್ನನ್ನು ನಂಬಿವೆ ಅಂತ ಹಿಗ್ಗಿದೆ, ನೋಡು.
ಗಂಟಲು ಕೊಳೆತಿತ್ತು ಅವಕ್ಕೆ.
ಒಂದರ ಎಂಜಲನ್ನು ಇನ್ನೊಂದಕ್ಕೆ ಬಡಿಸಿದವನು ನಾನು.
ಹನ್ನೊಂದನ್ನು ಹೂತೆ, ರೋವನ್ ಮರದ ಬುಡದಲ್ಲಿ.
ಯಾರಿಗೂ ಹೇಳಿಲ್ಲ.
ಹಾಗೆ ಉಬ್ಬಿ ಕೂತ ಒಂದೇ ಒಂದು ಹಕ್ಕಿ ಕಂಡರೂ
ಎಲ್ಲವನ್ನೂ ಇಳಿಸಿಬಿಡು, ವಾರಗಟ್ಟಲೆ ಕಾಳು ಬೇಡ.
ಹಸಿದವರ ಪಂಕ್ತಿಯನ್ನು ಎಬ್ಬಿಸುವುದು ಸುಲಭವಲ್ಲ,
ಆದರೂ ಎಬ್ಬಿಸು.

ಕಿಟಕಿಗೆ ಬಡಿದು ಬಿದ್ದರೆ:
ನನ್ನ ಬೂಟಿನ ಪೆಟ್ಟಿಗೆ ಬಾಗಿಲ ಹಿಂದಿದೆ,
ಮುಚ್ಚಳಕ್ಕೆ ತೂತು ಕೊರೆದಿಟ್ಟಿದ್ದೇನೆ.
ಕತ್ತಲು ಕೊಡು. ಬೇರೇನೂ ಕೊಡಬೇಡ.
ನೀರು ಹನಿಸಬೇಡ, ಮುದ್ದಿಸಬೇಡ, ಫೋಟೋ ತೆಗೆಯಬೇಡ.
ಗಂಟೆಯೊಳಗೆ ಉಗುರು ರಟ್ಟನ್ನು ಕೆರೆಯುವುದು ಕೇಳಿಸೀತು.
ಅಂಗಳಕ್ಕೆ ಒಯ್ದು ಮುಚ್ಚಳ ತೆಗೆ, ಹಿಂದೆ ಸರಿ.
ಕೇಳಿಸದಿದ್ದರೆ ಪಶುವೈದ್ಯೆ ತೆರ್ತ್ತುವಿನ ನಂಬರು
ಫ್ರಿಜ್ಜಿನ ಮೇಲೆ ಅಂಟಿಸಿದೆ.
ಅವಳ ಕೈಯಲ್ಲೂ ಆಗದೆ ಹೋಗಬಹುದು.

ಗಿಡುಗ ಬರುತ್ತದೆ.
ಕಣ್ಣೆದುರೇ ಒಂದನ್ನು ಎತ್ತಿಕೊಂಡು ಹೋಗುತ್ತದೆ,
ಹಿಮದ ಮೇಲೆ ನಾಲ್ಕು ಪುಕ್ಕ.
ಕಲ್ಲು ಎತ್ತಬೇಡ. ಅದಕ್ಕೂ ಡಿಸೆಂಬರೇ.

ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದಲೇ ಬರೆ,
ಶಾಯಿ ಹೆಪ್ಪುಗಟ್ಟುತ್ತದೆ.
ಹತ್ತು ನಿಮಿಷ ಅಲುಗದೆ ಕೂರು.
ಒಂದೇ ಹಕ್ಕಿ ಹತ್ತು ಸಲ ಬಂದರೆ ಹತ್ತಾಗುವುದಿಲ್ಲ,
ಒಟ್ಟಿಗೆ ಕಣ್ಣಿಗೆ ಬಿದ್ದದ್ದಷ್ಟೇ ಲೆಕ್ಕ.
ಏನೂ ಬರದ ದಿನ ಸೊನ್ನೆ ಬರೆ,
ಖಾಲಿ ಬಿಡಬೇಡ. ಖಾಲಿಯೆಂದರೆ ನೀನು ನೋಡಲಿಲ್ಲ ಅಂತ.
ಹಸಿರು ಫಿಂಚಿನ ಸಾಲು ತೆರೆದು ನೋಡು:
ನಾಲ್ಕು ಚಳಿಗಾಲ ಸೊನ್ನೆಯ ಕೆಳಗೆ ಸೊನ್ನೆ,
ಕಳೆದ ಮಾರ್ಚಿನಲ್ಲಿ ಒಂದು,
ಪಕ್ಕದಲ್ಲೊಂದು ಪ್ರಶ್ನೆಯ ಗುರುತು.
ಬೆಳಕು ಸಾಲದೆ ಹೋಯಿತು.

ನನ್ನ ವಾರ್ಡಿನ ಕಿಟಕಿ ಕಾರು ನಿಲ್ಲಿಸುವ ಜಾಗಕ್ಕೆ ತೆರೆಯುತ್ತದಂತೆ.
ಸಂಜೆ ಫೋನ್ ಮಾಡಿದರೆ ಸೊಂಟ ಹೇಗಿದೆ ಅನ್ನಬೇಡ,
ಮೊದಲು ಸಂಖ್ಯೆ ಹೇಳು.

ಅಂದಹಾಗೆ, ಮರೆತೆ:
ಏಣಿಯ ಮೂರನೇ ಮೆಟ್ಟಿಲು ಅಲ್ಲಾಡುತ್ತದೆ.