ಗೊರಕೆ ಅಂದುಕೊಂಡೆವು

ಐದು ಜನ, ಒಂದು ಕೋಣೆ, ಕೌಲ್‌ಬಜಾರಿನ ಹಿಂದಿನ ಸಂದು.
ಜೀನ್ಸ್ ಹೊಲೆಯುವವರು ಮೂವರು, ಗುಂಡಿ ಕೂರಿಸುವವನು ನಾನು,
ಹೊನ್ನೂರವಲಿ ಮಾತ್ರ ವಾಷಿಂಗ್ ಯೂನಿಟ್ಟಿನವನು.
ಅವನ ಉಗುರು ಎಂದೂ ನೀಲಿ.
ಸೋಪು ತಿಕ್ಕಿದರೂ, ನಿಂಬೆಹಣ್ಣು ಹಿಂಡಿದರೂ ನೀಲಿ.
ಹೆಣ್ಣು ನೋಡಲು ಹೋದಾಗ
ಕೈಯನ್ನು ಜೇಬಿನಿಂದ ತೆಗೆಯಲೇ ಇಲ್ಲವಂತೆ;
ಕೊಟ್ಟ ಚಹಾ ಆರಿಹೋಯಿತಂತೆ.

ನೀರು ಕುಡಿದ ಪ್ಯಾಂಟು ಎಷ್ಟು ಭಾರ
ತೊಡುವವರಿಗೆ ಗೊತ್ತಿಲ್ಲ.
ಮೊದಲ ಮಾತ್ರೆ ಕೊಟ್ಟವನು ಕೆಟ್ಟವನಲ್ಲ,
ಅವನಿಗೂ ಒಂದು ಸೊಂಟ ಇತ್ತು.
‘ಅರ್ಧ ನುಂಗು. ನೋವು ಎಲ್ಲೈತೆ ಅಂತ ನೀನೇ ಹುಡುಕಬೇಕು’ ಅಂದ.
ವಲಿ ಹುಡುಕಿದ. ಸಿಗಲಿಲ್ಲ.
ಸೇಠಿನ ಬೈಗುಳ, ಮುರಿದ ಸಂಬಂಧ,
ಆ ರಾತ್ರಿ ಯಾವುದೂ ಸಿಗಲಿಲ್ಲ.
ಅರ್ಧ ಒಂದಾಯಿತು. ಒಂದು, ಒಂದು ಶೀಟಾಯಿತು.
ಮಾತ್ರೆ ಇಲ್ಲದ ದಿನ ಮೂಗು ಸೋರಿ, ಮೈ ನಡುಗಿ
ಬಳ್ಳಾರಿಯ ಮೇ ತಿಂಗಳಲ್ಲಿ ಕಂಬಳಿ ಕೇಳಿದ.
ನಾವು ನಕ್ಕೆವು.

ಅಕ್ಕನ ಊರು ಸಿರುಗುಪ್ಪಕ್ಕೆ ಹೋಗಿ
ಇಪ್ಪತ್ತು ದಿನ ಮುಟ್ಟದೆ ಬಂದ. ಗಲ್ಲ ತುಂಬಿಕೊಂಡಿತ್ತು.
ಬಟವಾಡೆಯ ಶನಿವಾರ ಮತ್ತೆ ಹಳೆಯ ಲೆಕ್ಕದಷ್ಟೇ ನುಂಗಿದ.
ಮನಸ್ಸು ಲೆಕ್ಕ ಮರೆತಿರಲಿಲ್ಲ,
ಮೈ ಮರೆತಿತ್ತು.

ಎಳೆದು, ನಿಂತು, ಮತ್ತೆ ಎಳೆದು
ಬೋರಿನ ನೀರು ತಳ ಕಂಡಾಗ
ಮೋಟಾರು ಗಾಳಿ ಕುಡಿಯುವ ಸದ್ದು.
‘ಎಷ್ಟ್ ದಿನಕ್ಕೆ ನಿದ್ದಿ ಮಾಡಾಕತ್ತಾನ, ಎಬ್ಬಿಸಬ್ಯಾಡ್ರೋ’
ಅಂದವನು ನಾನು.
ದೀಪ ಆರಿಸಿದವನು ನಾನು.
ಫ್ಯಾನು ಅವನ ಕಡೆಗೆ ತಿರುಗಿಸಿದವನೂ.

ಬೆಳಗ್ಗೆ ತುಟಿಯೂ ನೀಲಿ.
ಉಗುರು ನೋಡಿದ್ದರೆ ತಿಳಿಯುತ್ತಿತ್ತು ಅಂದರು ಡಾಕ್ಟರು.
ಅವನ ಉಗುರು ನೋಡಿ
ಏನು ತಿಳಿಯಬೇಕಿತ್ತು ಸಾರ್?

ಅವನ ಅಮ್ಮನಿಗೆ ಹಾರ್ಟು ಅಂದೆವು.
ಓಣಿಗೆಲ್ಲ ಹಾರ್ಟು. ಸೇಠ್ ಹಾರ್ಟಿಗೆ ಎರಡು ಸಾವಿರ ಕೊಟ್ಟ.
ಇಪ್ಪತ್ತಮೂರು ವರ್ಷದ ಹಾರ್ಟು.
ಎಂಥ ಮರ್ಯಾದಸ್ಥ ಸುಳ್ಳು ಅಂದರೆ
ನಮ್ಮ ಎರ್ರಿಸ್ವಾಮಿಯೂ ಅದನ್ನು ನಂಬಿ
ವಲಿಯ ಟ್ರಂಕಿನಲ್ಲಿ ಉಳಿದಿದ್ದ ಶೀಟುಗಳನ್ನು ಬಿಡಿಸುತ್ತ ಹೋದ.

ದೀಪಾವಳಿ ಆರ್ಡರಿನ ರಾತ್ರಿ ಮತ್ತೆ ಆ ಸದ್ದು.
ಈ ಸಲ ದೀಪ ಹಾಕಿದೆ.
ಹೆಸರು ಹಿಡಿದು ಕೂಗಿದೆ. ನರ್ಸಮ್ಮ ಒಬ್ಬರು ಕಲಿಸಿದ್ದ ಹಾಗೆ
ಎದೆಯ ನಡುಮೂಳೆ ಗೆಣ್ಣಿನಿಂದ ಉಜ್ಜಿದೆ. ಏಳಲಿಲ್ಲ.
ರೆಪ್ಪೆ ಎತ್ತಿದರೆ ಪಾಪೆ ಸೂಜಿಮೊನೆ.
108ಕ್ಕೆ ಫೋನು ಹಚ್ಚಿದೆ.
‘ಪೊಲೀಸ್ ಬರ್ತಾರಲೇ’ ಅಂದ ಒಬ್ಬ.
ಬರಲಿ. ಉಸಿರು ಮೊದಲು ಬರಲಿ.
ಗಲ್ಲ ಎತ್ತಿ, ಮೂಗು ಹಿಡಿದು, ಐದು ಎಣಿಸುವುದರೊಳಗೆ ಒಂದು ಸಲ
ಬಾಯಿಗೆ ಬಾಯಿಟ್ಟು ನನ್ನ ಉಸಿರು.
ಗುಟ್ಕಾ ನಾರುವ ಉಸಿರು; ಆದರೂ ಉಸಿರೇ.
ಆಂಬುಲೆನ್ಸಿನ ಹುಡುಗಿಗೆ ಹಾರ್ಟು ಅನ್ನಲಿಲ್ಲ,
ಖಾಲಿ ಶೀಟು ಕೈಗಿಟ್ಟೆ.

ದೊಡ್ಡಾಸ್ಪತ್ರೆಯಲ್ಲಿ ಒಂದು ಸೂಜಿ.
ನಲಾಕ್ಸೋನ್ ಅಂತೆ. ಜೀನ್ಸಿನ ಸೈಜು ಚೀಟಿಯ ಹಿಂದೆ
ಆ ಹೆಸರು ಬರೆಸಿಕೊಂಡೆ.
ಸ್ವಲ್ಪ ಹೊತ್ತು. ಎರ್ರಿಸ್ವಾಮಿ ಎದ್ದು ಕೂತು
ನನ್ನ ಮೇಲೆಯೇ ವಾಂತಿ ಮಾಡಿ, ನನ್ನ ವಂಶವನ್ನೆಲ್ಲ ಬೈದ.
ಅಷ್ಟು ಚೆಂದದ ಬೈಗುಳ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಈಗ ಬುಧವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುತ್ತಾನೆ.
ಎರಡು ಬುಧವಾರ ತಪ್ಪಿಸಿದ್ದಾನೆ.
ನನ್ನ ಜೊತೆ ಹಗಲು ಮಾತಿಲ್ಲ.
ರಾತ್ರಿ ಗೊರಕೆ ಕೇಳಿದರೆ ಕಾಲಲ್ಲಿ ತಿವಿಯುತ್ತೇನೆ.
‘ಏನಲೇ?’
ಏನಿಲ್ಲ. ಮಲಕ್ಕೋ.

ವಲಿಯ ಅಮ್ಮನಿಗೆ ಹೇಳಬೇಕು.
ಮೂರು ಭಾನುವಾರ ಬಾಗಿಲವರೆಗೆ ಹೋಗಿ ಬಂದಿದ್ದೇನೆ.
ಕಿರಿಮಗನ ಚಪ್ಪಲಿ ಹೊರಗಿತ್ತು ಮೊನ್ನೆ,
ಪಟ್ಟಿಯ ತುಂಬ ನೀಲಿ ಕಲೆ.