ಗಿರಾಕಿ ಬಣ್ಣ ಕೇಳಲಿಲ್ಲ

ಆಲಿಕಲ್ಲು ಬಿದ್ದ ರಾತ್ರಿ ಆರು ಮರಿ ಹಾಕಿದಳು ನೆಲ್,
ಕುರಿಗಳೂ ಈಯುವ ಹೊತ್ತಿಗೆ ಸರಿಯಾಗಿ.
ಯಾರ ಹೆರಿಗೆಗೆಂದು ಓಡಲಿ?
ಕೊನೆಯದು ಉಸಿರೇ ಆಡಲಿಲ್ಲ.
ಒಲೆಯ ಮುಂದೆ ಟವೆಲಿನಲ್ಲಿ ಉಜ್ಜಿ ಉಜ್ಜಿ
ಅಮ್ಮ ನನ್ನನ್ನು ಬಯ್ಯುತ್ತಿದ್ದ ಅದೇ ವೆಲ್ಷ್ ಮಾತಿನಲ್ಲಿ ಬಯ್ದೆ.
ಸೀನಿತು.
ಅದಕ್ಕೇ ಅದು ಟಿಶನ್. ನಮ್ಮಲ್ಲಿ ಹಾಗೆಂದರೆ ಸೀನುವುದು.

ಎಂಟು ವಾರ. ಅವಕ್ಕೆ ಹಲ್ಲು ಬಂತು, ನನ್ನ ಚಪ್ಪಲಿ ಹೋಯಿತು.
ತಂಗಿಯ ಮಗಳು ಲೊವ್ರಿ ಫೋಟೋ ಹಾಕಿದಳು,
ಬೆಲೆ ಒಂಬೈನೂರು ಪೌಂಡು ಎಂದು ಬರೆದಳು.
ಚಹಾ ಆರುವ ಮೊದಲೇ ಗಿರಾಕಿ.

ಕ್ಯಾಪ್ಟನ್ ಫೇರ್ಲಿ ಅಂತೆ.
ಸಮುದ್ರದ ನಡುವೆ ಎಣ್ಣೆಬಾವಿಯಲ್ಲಿ ಕೆಲಸವಂತೆ.
ಬರಲಾಗದು, ಮನ್ನಿಸಿ ಮೇಡಂ,
ದೇವರು ನಿಮ್ಮ ಮನೆ ಕಾಯಲಿ ಮೇಡಂ,
ಬೇರೆಯವರಿಗೆ ಮಾತು ಕೊಡಬೇಡಿ ಮೇಡಂ.
ಗಂಡೋ ಹೆಣ್ಣೋ ಕೇಳಲಿಲ್ಲ.
ಬಣ್ಣ ಕೇಳಲಿಲ್ಲ.
ತಾಯಿ ಕುರಿಗೆ ಬಾಯಿ ಹಾಕುತ್ತಾಳೋ,
ನೋಟದಲ್ಲೇ ಕಟ್ಟಿ ನಿಲ್ಲಿಸುತ್ತಾಳೋ, ಅದೂ ಇಲ್ಲ.
ಕೇಳಿದ್ದು ಒಂದೇ,
ಬ್ಯಾಂಕಿನಲ್ಲಿ ನನ್ನ ಹೆಸರಿನ ಕಾಗುಣಿತ.

ಮರುದಿನ ಬ್ಯಾಂಕಿನದೇ ಪತ್ರ, ಅದೇ ಹಸಿರು, ಅದೇ ಮುದ್ರೆ:
ನಿಮ್ಮ ಖಾತೆಗೆ ಸಾವಿರದ ಎಂಟುನೂರು.
ಬೆನ್ನಿಗೇ ಕ್ಯಾಪ್ಟನ್:
ಕೈತಪ್ಪಿ ದುಪ್ಪಟ್ಟು ಬಿತ್ತು ಮೇಡಂ,
ಹೆಚ್ಚಿನದ್ದನ್ನು ಮರಿ ಸಾಗಿಸುವ ವ್ಯಾನಿನವನಿಗೆ
ಈಗಲೇ ಕಳಿಸಿಬಿಡಿ, ಪಾಪ, ಅವನಿಗೆ ಮಕ್ಕಳಿದ್ದಾರೆ.

ಸುಳ್ಳು ಹೇಳಲಾರೆ, ಬೆರಳು ಗುಂಡಿಯ ಮೇಲೇ ಇತ್ತು.
ಆಸೆಯಿಂದಲ್ಲ.
ಪರರ ದುಡ್ಡು ಒಂದು ರಾತ್ರಿಯೂ ನನ್ನಲ್ಲಿ ಇರಬಾರದು ಎಂದು.
ಚಾಪೆಲಿನಲ್ಲಿ ಚಿಕ್ಕಂದಿನಿಂದ ಕಲಿತದ್ದು,
ಅವನು ಗಾಳ ಸಿಕ್ಕಿಸಿದ್ದೂ ಅದಕ್ಕೇ.
ಎತ್ತು ಈಯಿತು ಎಂದನವನು.
ಬದುಕೆಲ್ಲ ಕುರಿ ಈಯಿಸಿದ ನಾನು
ಕರು ಕಟ್ಟಲು ಹಗ್ಗ ಹುಡುಕುತ್ತಿದ್ದೆ.

ತಡೆದದ್ದು ಜಾಣತನವಲ್ಲ. ಸಿಗ್ನಲ್ ಹೋಯಿತು.

ನಮ್ಮೂರ ಬ್ಯಾಂಕು ಮುಚ್ಚಿ ಆರು ವರ್ಷ.
ಗುರುವಾರ ಚಾಪೆಲ್ ಪಕ್ಕ ಒಂದು ವ್ಯಾನು ಬರುತ್ತದೆ,
ಒಳಗೆ ಗೆಥಿನ್, ಅವನ ಹೀಟರು, ಅವನ ಶೀತ.
ಪರದೆ ನನ್ನ ಕಡೆ ತಿರುಗಿಸಿದ:
ನಲವತ್ತೊಂದು ಪೌಂಡು, ಹದಿನಾರು ಪೆನ್ನಿ.
'ಪತ್ರ ಬಂದಿದೆಯಲ್ಲೋ' ಎಂದೆ.
'ಪತ್ರ ಬಂದಿದೆ ಮೆರೆರಿಡ್, ದುಡ್ಡು ಬಂದಿಲ್ಲ.
ಬಂದಿದ್ರೆ ಇಲ್ಲಿ ಕಾಣ್ತಿತ್ತು.
ಪತ್ರದಲ್ಲಿ ಬೇಕಾದ್ರೆ ನಾನೂ ರಾಜ.'
ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು.
ಕೆನ್ನೆ ಸುಟ್ಟಿತು. ಕಳ್ಳ ಅವನು, ನಾಚಿಕೆ ನನಗೆ.

ಮನೆಗೆ ಬಂದರೆ ಹನ್ನೊಂದು ಸಂದೇಶ.
ಒಂದೊಂದರಲ್ಲೂ ಒಂದೊಂದು ಮೇಡಂ ಉದುರಿತ್ತು,
ಕೊನೆಯದರಲ್ಲಿ ಪೊಲೀಸರಿದ್ದರು.
ಒಂದೇ ಪ್ರಶ್ನೆ ಬರೆದೆ:
ನೀವು ಕೊಂಡ ಮರಿಯ ಒಂದು ಹಿಂಗಾಲು ಬಿಳಿ. ಯಾವುದು?
'ಎರಡೂ ಮೇಡಂ, ತುಂಬಾ ಮುದ್ದು.'

ಶನಿವಾರ ಬೆಟ್ಟದಾಚೆಯಿಂದ ಒಬ್ಬ ಹುಡುಗ ಬಂದ, ಇಯೆಸ್ಟಿನ್,
ಅಮ್ಮನ ಕಾರು, ತಾನೇ ಕತ್ತರಿಸಿಕೊಂಡಂಥ ಕೂದಲು.
ಹುಲ್ಲಿನ ಮೇಲೆ ಒಂದು ಗಂಟೆ ಕೂತ, ಮಾತೇ ಇಲ್ಲ.
ನೆಲ್ ಅವನ ತೋಳನ್ನು ಮೊಣಕೈವರೆಗೂ ಮೂಸಿದಳು.
ಟಿಶನ್ ಅವನ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ದ.
ಆಮೇಲೆ ಶುರು: ಜಂತಿನ ಔಷಧಿ ಯಾವಾಗ,
ತಂದೆ ಯಾರದ್ದು, ಗುಡುಗಿಗೆ ಹೆದರುತ್ತಾನಾ,
ರಾತ್ರಿ ಅತ್ತರೆ ಏನು ಮಾಡಲಿ.

ಅವನು ಕೊಟ್ಟ ನೋಟುಗಳನ್ನು
ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದೆ.
ಬೇಜಾರು ಮಾಡಿಕೊಳ್ಳಲಿಲ್ಲ. ನಲವತ್ತು ಕಡಿಮೆ ಇತ್ತು.
'ಉಣ್ಣೆ ಕತ್ತರಿಸೋವಾಗ ಎರಡು ದಿನ ಬಂದು ದುಡೀತೀನಿ.'
ಆಯ್ತು ಎಂದೆ, ಕಾಗದ ಪತ್ರ ಏನೂ ಇಲ್ಲದೆ.
ಗೆಥಿನ್ ಕೇಳಿದರೆ ತಲೆ ಚಚ್ಚಿಕೊಳ್ಳುತ್ತಾನೆ.

ರಾತ್ರಿ ನೆಲ್ ಉಳಿದ ಐದನ್ನು ಮೂಸಿ ಮೂಸಿ ಲೆಕ್ಕ ಹಾಕಿದಳು,
ಬಾಗಿಲ ಕಡೆ ನೋಡಿದಳು.
ಮೇಜಿನ ಮೇಲೆ ಫೋನು ಹೊಳೆಯಿತು: ಮೇಡಂ, ಇದ್ದೀರಾ?
ಅವಳ ಮೂಗಿನ ಹತ್ತಿರ ಹಿಡಿದೆ.
ಒಮ್ಮೆ ಮೂಸಿ,
ತಿನ್ನುವಂಥದ್ದಲ್ಲ ಎಂದು
ಅಲ್ಲೇ ತಲೆಯಿಟ್ಟು ಮಲಗಿದಳು.